ವೆಬ್ ಪ್ರೋಗ್ರಾಮಿಂಗ್‌ಗೆ ಮೊದಲ ಪುಸ್ತಕ ಯಾವುದು? (ಪ್ರಶ್ನೋತ್ತರ)

ಅಡ್ಮಿನ್: ಇವತ್ತು ನಮ್ಮ ಜೊತೆ ಒಬ್ಬ ವೆಬ್ ಡೆವಲಪರ್ ಇದ್ದಾರೆ. ಹೊಸಬರಿಗೆ ಪಾಠವನ್ನೂ ಮಾಡುತ್ತಾರೆ. ಮೊದಲ ಪುಸ್ತಕ ಆರಿಸುವುದು ಹೇಗೆ ಅನ್ನುವುದಷ್ಟೇ ವಿಷಯ. ಕೇಳಿ.

ಹೊಸಬ: ಮೇಡಂ, ನನಗೆ ಏನೂ ಗೊತ್ತಿಲ್ಲ. ಯಾವ ಪುಸ್ತಕ ತೆಗೆದುಕೊಳ್ಳಲಿ?

ಡೆವಲಪರ್: ನಮಸ್ಕಾರ. ಹೆಸರು ಹೇಳುವುದಿಲ್ಲ, ಈ ಪುಸ್ತಕಗಳು ಬೇಗ ಹಳತಾಗುತ್ತವೆ. ಕೈಗೆ ಸಿಕ್ಕಿದ್ದನ್ನು ತೆರೆದು ನೋಡಿ. ಜಾವಾಸ್ಕ್ರಿಪ್ಟ್ ಪಾಠದಲ್ಲಿ ಮೌಲ್ಯಕ್ಕೆ ಹೆಸರಿಡುವ ಲೆಟ್ (let), ಕಾನ್ಸ್ಟ್ (const) ಪದಗಳು ಇವೆಯಾ? ಅವು 2015ರಲ್ಲಿ ಭಾಷೆಯ ನಿಯಮಕ್ಕೆ ಸೇರಿದವು. ಬರೀ ಹಳೆಯ ವಾರ್ (var) ಇದ್ದರೆ ಪುಸ್ತಕ ಅದಕ್ಕೂ ಹಿಂದೆಯೇ ನಿಂತಿದೆ. ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ಪುಟ ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಇರಬೇಕು. ಪುಟ ಜೋಡಿಸಲು ಟೇಬಲ್ ಹಾಕಿಸುತ್ತಿದ್ದರೆ ಮುಚ್ಚಿಡಿ. ಮರುಮುದ್ರಣದ ವರ್ಷ ನೋಡಿ ಮೋಸ ಹೋಗಬೇಡಿ, ಅಲ್ಲಿ ಕಾಗದ ಮಾತ್ರ ಹೊಸದು. ಪರಿಷ್ಕರಿಸಿದ್ದು ಯಾವಾಗ ಅಂತ ನೋಡಿ.

ನಾಲ್ಕು ಜಿಬಿ: 4 ಜಿಬಿ ರ್ಯಾಮ್ ಇರುವ ಲ್ಯಾಪ್‌ಟಾಪ್ ಸಾಕಾ ಮೇಡಂ?

ದಾರಿಹೋಕ: ಯಾವ ಪುಸ್ತಕ ಒಳ್ಳೆಯದು ಮೇಡಂ?

ಡೆವಲಪರ್: ಮೇಲೆ ಹೇಳಿದ್ದೇನೆ.

ಟ್ಯೂಷನ್ ಮೇಷ್ಟ್ರು: ಮನೆಯಲ್ಲಿದ್ದ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ವೆಬ್ ಭಾಷೆ) ಪುಸ್ತಕದಲ್ಲಿ 300 ಪುಟ ಮುಗಿಸಿದ್ದೇನೆ. ಲಾಗಿನ್ ಪಾಠದಲ್ಲಿ 'ಮೈಎಸ್‌ಕ್ಯುಎಲ್_ಕನೆಕ್ಟ್ ಅನ್ನುವ ಫಂಕ್ಷನ್ ಇಲ್ಲ' ಎಂದು ಎರರ್ ಬಂತು. ಅಕ್ಷರ ಬಿಡದೆ ಟೈಪ್ ಮಾಡಿದ್ದೆ. 'ಪಿಎಚ್‌ಪಿ 5 ಹಾಕಿ, ಎಲ್ಲ ಸರಿಹೋಗುತ್ತದೆ' ಎಂಬ ಫಾರ್ವರ್ಡ್ ನೋಡಿ ಹಾಗೇ ಮಾಡಿದೆ. ಸರಿಹೋಯಿತು. ಮಕ್ಕಳ ಅಂಕ, ಪೋಷಕರ ಫೋನ್ ನಂಬರ್ ನೋಡಲು ಸೈಟ್ ಮಾಡುವ ಆಸೆ. ಇದೇ ಪುಸ್ತಕ ಮುಂದುವರಿಸಬಹುದು ಅಲ್ವಾ?

ಡೆವಲಪರ್: ಪಾಸ್‌ವರ್ಡ್ ಹೇಗೆ ಇಡಲು ಹೇಳಿದ್ದಾರೆ?

ಟ್ಯೂಷನ್ ಮೇಷ್ಟ್ರು: ಎಂಡಿ5 ಅನ್ನುವ ವಿಧಾನದಲ್ಲಿ ಗುರುತು ಸಿಗದ ಅಕ್ಷರಗಳಾಗಿ ಮಾಡಿ ಇಡಲು.

ಡೆವಲಪರ್: ಹಾಗಾದರೆ ಸ್ವಲ್ಪ ಕೂತು ಓದಿ. ಎರರ್ ಬಂದದ್ದು ನಿಮ್ಮ ತಪ್ಪಿನಿಂದಲ್ಲ. ಡೇಟಾಬೇಸ್‌ಗೆ ಸೇರಿಸುವ ಆ ಹಳೆಯ ಫಂಕ್ಷನ್‌ಗಳನ್ನು 2015ರ ಕೊನೆಗೆ ಬಂದ ಪಿಎಚ್‌ಪಿ 7ರಲ್ಲಿ ತೆಗೆದುಹಾಕಿದರು. ಪಿಎಚ್‌ಪಿ 5ರ ಕೊನೆಯ ಕಂತಿಗೂ 2018ರ ಕೊನೆಗೆ ಸೆಕ್ಯುರಿಟಿ ರಿಪೇರಿ ನಿಂತಿತು. ಆ ಫಾರ್ವರ್ಡ್ ಹೇಳುವುದು ಇಷ್ಟೇ: ಬಾಗಿಲು ಹಾಕಲು ಬರುತ್ತಿಲ್ಲವಾ, ಕಿತ್ತುಬಿಡಿ.

ಅದಕ್ಕಿಂತ ದೊಡ್ಡ ಭಯ ನನಗೆ ಬೇರೆ. ಇಂಥ ಪುಸ್ತಕಗಳಲ್ಲಿ ಫಾರ್ಮ್‌ನಲ್ಲಿ ಟೈಪ್ ಮಾಡಿದ ಹೆಸರನ್ನು ಎಸ್‌ಕ್ಯುಎಲ್ ವಾಕ್ಯಕ್ಕೆ, ಅಂದರೆ ಡೇಟಾಬೇಸ್‌ಗೆ ಕೊಡುವ ಆಜ್ಞೆಗೆ, ನೇರವಾಗಿ ಅಂಟಿಸುತ್ತಾರೆ. ಯಾರೋ ಹೆಸರಿನ ಜಾಗದಲ್ಲಿ ಒಂದು ಕೊಟೇಶನ್ ಗುರುತು ಹಾಕಿ, 'ಅಥವಾ 1 = 1' ಅನ್ನುವ ಅರ್ಥದ ತುಂಡು ಸೇರಿಸಿದರೆ ಆ ಷರತ್ತು ಯಾವಾಗಲೂ ನಿಜ. ಪಾಸ್‌ವರ್ಡೇ ಇಲ್ಲದೆ ಒಳಗೆ ಬರಬಹುದು. ಇದಕ್ಕೇ ಎಸ್‌ಕ್ಯುಎಲ್ ಇಂಜೆಕ್ಷನ್ ಅನ್ನುವುದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ವಾಕ್ಯ ಬೇರೆ, ಬಂದ ಮಾಹಿತಿ ಬೇರೆ ಆಗಿ ಹೋಗುತ್ತವೆ. ಏನು ಟೈಪ್ ಮಾಡಿದರೂ ಅದು ಬರೀ ಹೆಸರಾಗಿಯೇ ಉಳಿಯುತ್ತದೆ. ಎಂಡಿ5 ತುಂಬಾ ವೇಗದ್ದು, ಅದೇ ಅದರ ಕೇಡು. ಡೇಟಾಬೇಸ್ ಕದ್ದವರು ಸೆಕೆಂಡಿಗೆ ಕೋಟಿಗಟ್ಟಲೆ ಊಹೆ ಮಾಡಿ ನೋಡಬಹುದು. ಪಾಸ್‌ವರ್ಡ್ ಸುರಕ್ಷಿತವಾಗಿ ಇಡಲು ಪಿಎಚ್‌ಪಿಯಲ್ಲೇ 2013ರಿಂದ ಪಾಸ್‌ವರ್ಡ್_ಹ್ಯಾಶ್ ಅನ್ನುವ ಫಂಕ್ಷನ್ ಇದೆ.

300 ಪುಟ ದಂಡವಾಗಲಿಲ್ಲ. ಲೂಪ್, ಅರೇ, ಫಂಕ್ಷನ್ ಎಲ್ಲ ನಿಮ್ಮವೇ. ಡೇಟಾಬೇಸ್ ಮತ್ತು ಲಾಗಿನ್ ಪಾಠಗಳನ್ನು ಮಾತ್ರ ಮರೆತುಬಿಡಿ. ಮುಂದಿನ ಪುಸ್ತಕ ಕೊಳ್ಳುವ ಮೊದಲು ಅದರ ಕೊನೆಯ ಪದಸೂಚಿಯಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಪಾಸ್‌ವರ್ಡ್_ಹ್ಯಾಶ್ ಈ ಎರಡು ಹೆಸರು ಹುಡುಕಿ. ಇಲ್ಲದಿದ್ದರೆ ಬೇಡ.

ವೇಗದೂತ: ಈ ಕಾಲದಲ್ಲಿ ಪುಸ್ತಕ ಯಾರು ಓದುತ್ತಾರೆ? ವಿಡಿಯೋ ನೋಡಿ, ನೇರ ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಗೆ ಹೋಗಿ.

ಹಳೇ ಕೀಬೋರ್ಡ್: ಜಾವಾಸ್ಕ್ರಿಪ್ಟ್ ಬರದೆ ರಿಯಾಕ್ಟಾ? ನಡೆಯಲು ಬರದವನಿಗೆ ಓಟದ ಪಾಠ.

ವೇಗದೂತ: ನಿಮ್ಮ ಕಾಲದ, ಅಕ್ಷರ ಓಡಿಸುವ ಮಾರ್ಕ್ಯೂ ಟ್ಯಾಗ್ ನಿಮಗೇ ಇರಲಿ.

ಹಳೇ ಕೀಬೋರ್ಡ್: ಹೋದ ವಾರ ಇದೇ ಗುಂಪಿನಲ್ಲಿ 'ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ' ಅಂತ ಅತ್ತವರು ಯಾರಪ್ಪಾ?

ವೇಗದೂತ: ವಿಷಯಕ್ಕೆ ಬನ್ನಿ ಸ್ವಾಮಿ, ವೈಯಕ್ತಿಕ ಬೇಡ.

ಡೆವಲಪರ್: ವಿಡಿಯೋ ನೋಡಿ, ಬೇಡ ಅನ್ನಲ್ಲ. ಆದರೆ ನಿಲ್ಲಿಸಿ, ಕೈಯಾರೆ ಬರೆದು ನೋಡಿ. ಸುಮ್ನೆ ನೋಡಿದರೆ ಬರುವುದಿಲ್ಲ.

ಶುಭೋದಯ: 'ಜಾವಾ ಪುಸ್ತಕ ಓದಿದರೆ ಜಾವಾಸ್ಕ್ರಿಪ್ಟ್ ತಾನಾಗಿ ಬರುತ್ತದೆ. 500 ಪುಸ್ತಕಗಳ ಜಿಪ್ ಕೆಳಗಿದೆ, ಹತ್ತು ಜನರಿಗೆ ಕಳಿಸಿ.' ಬಂದಿದ್ದನ್ನು ಹಾಕಿದ್ದೇನೆ 🙏

ಡೆವಲಪರ್: ಎರಡೂ ಬೇರೆ ಭಾಷೆ. ಹೆಸರು ನೋಡಿ ನೆಂಟಸ್ತನ ಕಟ್ಟಬೇಡಿ. ಆ ಜಿಪ್ ಯಾರೂ ತೆರೆಯಬೇಡಿ. ಪುಸ್ತಕದ ಕಟ್ಟಿನಲ್ಲಿ ಎಕ್ಸ್‌ಇ ಫೈಲ್, ಅಂದರೆ ಓಡುವ ಪ್ರೋಗ್ರಾಂ, ಯಾಕಿದೆ? ಓದದೆ ಫಾರ್ವರ್ಡ್ ಮಾಡುವುದು ಸೇವೆಯಲ್ಲ.

ಶುಭೋದಯ: ಒಳ್ಳೆಯದಕ್ಕೇ ಹಾಕಿದೆ. ಇಷ್ಟು ಕೋಪ ಯಾಕೆ?

ಹಳೇ ಕೀಬೋರ್ಡ್: ಒಳ್ಳೆಯದಕ್ಕೇ ಡಿಲೀಟ್ ಮಾಡಿ.

ದಾರಿಹೋಕ: ಹಾಗಾದರೆ ಕೊನೆಗೆ ಯಾವ ಪುಸ್ತಕ?

ಡೆವಲಪರ್: ಮೇಲೆ.

ನಾಲ್ಕು ಜಿಬಿ: ಲ್ಯಾಪ್‌ಟಾಪ್ ವಿಷಯ ಕೇಳಿದ್ದೆ.

ಅಡ್ಮಿನ್: ಜಗಳ ಬಿಡಿ, ಇಲ್ಲಾಂದ್ರೆ ಗುಂಪು ಬಂದ್ ಮಾಡುತ್ತೇನೆ.

ಟ್ಯೂಷನ್ ಮೇಷ್ಟ್ರು: ಮೇಡಂ, ಒಂದು ಮಾತು ಹೇಳಿರಲಿಲ್ಲ. ಆ ಸೈಟನ್ನು ನಿನ್ನೆಯೇ ನೆಟ್‌ಗೆ ಏರಿಸಿಬಿಟ್ಟೆ. 40 ಮಕ್ಕಳ ವಿವರ ಇದೆ.

ಡೆವಲಪರ್: ಪುಸ್ತಕದ ಮಾತು ಆಮೇಲೆ. ಈಗಲೇ ಇಳಿಸಿ. ಡೇಟಾಬೇಸ್ ಕೂಡ.

ಟ್ಯೂಷನ್ ಮೇಷ್ಟ್ರು: ಎರಡೂ ತೆಗೆದೆ.

ಡೆವಲಪರ್: ಸರ್ವರ್‌ನಲ್ಲಿ ಬ್ಯಾಕಪ್ ಉಳಿದಿದೆಯಾ ನೋಡಿ. ಅಲ್ಲಿ ಹಾಕಿದ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಬದಲಿಸಿ, ಪೋಷಕರಿಗೂ ಹೇಳಿ. ಇನ್ನು ಮುಂದೆ ಅಭ್ಯಾಸಕ್ಕೆ ಸುಳ್ಳು ಹೆಸರು, ಸುಳ್ಳು ನಂಬರ್.

ಟ್ಯೂಷನ್ ಮೇಷ್ಟ್ರು: ಬ್ಯಾಕಪ್ ಒಂದಿತ್ತು. ತೆಗೆದೆ. ಪೋಷಕರಿಗೆ ಈಗ ಬರೆಯುತ್ತಿದ್ದೇನೆ.