ಹಿತ್ತಲದಾಗ ಬೆಳೆ ಬದಲಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ್ರಿ. ಇವತ್ತಿನ ವಿಷಯ: ಮನಿ ಹಿತ್ತಲದಾಗ ಒಂದೇ ಮಡಿಯೊಳಗ ಅದೇ ಕಾಯಿಪಲ್ಯ ಮತ್ತ ಮತ್ತ ಹಚ್ಚಬಹುದೋ, ಬದಲಿ ಮಾಡಬೇಕೋ, ಮಾಡಿದ್ರ ಎಷ್ಟು ಕಟ್ಟುನಿಟ್ಟು. ಉತ್ತರ ಕೊಡೋರು ನಮ್ಮ ಮೇಡಂ, ಗಿಡದ ರೋಗ ನೋಡೂದರಾಗೇ ನೌಕರಿ ಮುಗಿಸಿದವರು. ಹೆಸರು ಬ್ಯಾಡ, ಊರು ಬರೀರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಕಲಬುರಗಿ, ಶಹಾಬಜಾರ: ಮೇಡಂ, ನಂದು ಹತ್ತು ಹನ್ನೆರಡು ಫೂಟಿನ ಜಾಗ, ಎರಡೇ ಮಡಿ. ಗೂಗಲ್‌ನಾಗ ನೋಡಿದ್ರ ನಾಲ್ಕು ಮಡಿ, ನಾಲ್ಕು ವರ್ಷದ ಚಾರ್ಟ್ ಬರ್ತದ. ತಲಿ ಕೆಟ್ಟು ಹೋಗ್ಯದ.

ಮೇಡಂ: ಚಾರ್ಟ್ ಬಿಡ್ರಿ. ಟಮಾಟಿ, ಬದನಿ, ಮೆಣಸಿನಕಾಯಿ, ಆಲೂಗಡ್ಡಿ, ಈ ನಾಲ್ಕೂ ಒಂದೇ ಮನೆತನ, ಒಂದರ ಮಣ್ಣಿನ ರೋಗ ಇನ್ನೊಂದಕ್ಕೂ ಹತ್ತತದ ಅಂಬೂದು ನೆನಪಿಟ್ರ ಅರ್ಧ ಕೆಲಸ ಆದಂಗ. ಟಮಾಟಿ ಕಿತ್ತು ಅಲ್ಲೇ ಬದನಿ ಹಚ್ಚಿದ್ರ ಬದಲಿ ಅಲ್ಲ, ಅಣ್ಣ ಎದ್ದ ಹಾಸಿಗಿ ಮ್ಯಾಲ ತಮ್ಮ ಮಲಗಿದಂಗ. ಅವು ಎದ್ದ ಜಾಗದಾಗ ಮೆಂತೆ, ಚವಳಿಕಾಯಿ, ಉಳ್ಳಾಗಡ್ಡಿ, ನಿಮ್ಮ ಮನ್ಯಾಗ ಏನು ತಿಂತೀರೋ ಅದು ಹಾಕ್ರಿ. ಒಂದು ವರ್ಷ ತಪ್ಪಿದ್ರ ಆಕಾಶ ಬೀಳೂದಿಲ್ಲ. ಡೈರಿ ಬರಿಯೂದೂ ಬ್ಯಾಡ, ಹಚ್ಚಿದ ದಿನ ಮೊಬೈಲ್‌ನಾಗ ಒಂದು ಫೋಟೋ ಹೊಡದಿಡ್ರಿ, ತಾರೀಖು ಅದರಾಗೇ ಇರ್ತದ.

ಸೇಡಂ: ಬೆಂಡಿ ಕಿತ್ತು ಅದೇ ಜಾಗಕ್ಕ ಪುಂಡಿಪಲ್ಯ ಹಾಕೀನ್ರಿ. ಬದಲಿ ಆಯ್ತಲ್ರಿ?

ಮೇಡಂ: ಆಗಲಿಲ್ಲ. ಎರಡೂ ಒಂದೇ ಕುಲ, ಹತ್ತಿನೂ ಅದರಾಗೇ ಬರ್ತದ. ಹೂವು ಪಕ್ಕಕ್ಕ ಪಕ್ಕಕ್ಕ ಇಟ್ಟು ನೋಡ್ರಿ: ತಿಳಿ ಹಳದಿ ಎಸಳು, ನಡುವ ಕಡುಗೆಂಪು ಕಣ್ಣು. ಹಾಕಿದ್ದು ಇರಲಿ, ತಿನ್ರಿ. ಮುಂದಿನ ಸಲ ಆ ಜಾಗಕ್ಕ ಬ್ಯಾರೆ.

ಯಾದಗಿರಿ: ಮೇಡಂ, ನಮ್ಮಲ್ಲಿ ಮಂಗ್ಯಾನ ಕಾಟ ಭಾಳ. ಏನು ಹಚ್ಚಿದ್ರ ಮುಟ್ಟೂದಿಲ್ಲ?

ಬೀದರ್: ಮೇಡಂ ನಮಸ್ಕಾರ. ನಾಲ್ಕು ವರ್ಷ ಆಯ್ತು, ಒಂದೇ ಮಡಿಯೊಳಗ ಟಮಾಟಿ ಹಚ್ಚಾಕತ್ತೀನಿ, ಬಿಸಲು ಅಲ್ಲೇ ಛಲೋ ಬೀಳ್ತದಂತ. ಕೆಂಪು ಮಣ್ಣು. ಈ ಸಲ ಹನ್ನೊಂದು ಗಿಡದಾಗ ಏಳು ಹೋದವು. ಮಧ್ಯಾಹ್ನ ಜೋತು ಬೀಳ್ತಾವ, ಸಂಜಿಗಿ ಏಳ್ತಾವ, ಮೂರನೇ ದಿನಕ್ಕ ಏಳೂದೇ ಇಲ್ಲ. ಎಲಿ ಹಸಿರೇ ಅವ. ಬಾಜು ಮನಿಯವರು ಒಂದು ಹಿಡಿ ಉಪ್ಪು, ಒಂದು ಚಮಚ ಅಡಿಗಿ ಸೋಡಾ, ಇಂಗು ಕಲಿಸಿ ಬುಡಕ್ಕ ಹಾಕು ಅಂತ ಮೆಸೇಜ್ ಕಳಿಸ್ಯಾರ.

ಮೇಡಂ: ಉಪ್ಪು ಹಾಕಬ್ಯಾಡ್ರಿ. ಮೊದಲು ಇದು ಓದ್ರಿ. ಎಲಿ ಹಳದಿ ಆಗದೇ, ಹಸಿರು ಇರೂಕನೇ ಗಿಡ ಸಾಯ್ತದ ಅಂದ್ರ ನನಗ ಕೆಟ್ಟ ಸಂಶಯ ಅದ. ಈಗೇ ಬಾಡಾಕತ್ತಿದ್ದ ಗಿಡ ಒಂದು ಕಿತ್ತು, ಬುಡದ ಮ್ಯಾಲಿನ ದಂಟು ಒಂದು ಗೇಣು ಕೊಯ್ಯಿರಿ. ಗಾಜಿನ ಗ್ಲಾಸಿನಾಗ ತಿಳಿ ನೀರು ತಗೊಂಡು, ಕೊಯ್ದ ತುದಿ ಅಷ್ಟೇ ಮುಳುಗೂ ಹಂಗ ಹಿಡೀರಿ. ಅಲುಗಾಡಿಸಬ್ಯಾಡ್ರಿ. ಐದು ನಿಮಿಷದಾಗ ತುದಿಯಿಂದ ಹಾಲಿನಂಥ ಸಣ್ಣ ಎಳಿ ಕೆಳಗ ಇಳೀತದೇನು ನೋಡಿ ಬರೀರಿ.

ಹುಮನಾಬಾದ್: ಎಷ್ಟು ವರ್ಷಕ್ಕೊಮ್ಮೆ ಬದಲಿ ಮಾಡಬೇಕ್ರಿ?

ಮೇಡಂ: ಮ್ಯಾಲ ಓದ್ರಿ.

ಜೇವರ್ಗಿ: ಇದೆಲ್ಲಾ ಪ್ಯಾಟಿ ಮಂದಿ ಚಿಂತಿ. ನಮ್ಮಪ್ಪ ಮೂವತ್ತು ವರ್ಷ ಒಂದೇ ಹೊಲದಾಗ ತೊಗರಿ ಬಿತ್ತ್ಯಾನ. ಯಾವ ಬದಲಿ, ಯಾವ ಚಾರ್ಟ್?

ಚಿತ್ತಾಪುರ: ಬರೇ ತೊಗರಿ ಬಿತ್ತತಿದ್ರೋ, ನಡುವ ಜೋಳದ ಸಾಲು ಇತ್ತೋ ಅಣ್ಣಾರ?

ಜೇವರ್ಗಿ: ಅಕ್ಕಡಿ ಜೋಳ ಇದ್ದೇ ಇರ್ತಿತ್ತು. ಅದು ಬ್ಯಾರೆ ಮಾತು.

ಚಿತ್ತಾಪುರ: ಅದೇ ಮಾತು! ಜೋಳ ಬಿಟ್ಟು ಬರೇ ತೊಗರಿ ಹಾಕಿದ ಮ್ಯಾಲೇ ನಮ್ಮ ಕಡಿ ನೆಟೆ ರೋಗ, ಅಂದ್ರ ನಿಂತ ಗಿಡ ಬಾಡಿ ಒಣಗೂದು, ಜೋರಾಗಿದ್ದು. ಆಮ್ಯಾಲ ನೆಟೆ ತಡ್ಕೊಳ್ಳೂ ಟಿಎಸ್-3ಆರ್ ತೊಗರಿ ಬೀಜ ಹುಡುಕಿಕೊಂಡು ಓಡಾಡಿದ್ವಿ.

ಜೇವರ್ಗಿ: ನಿಮ್ಮ ಹೊಲ ನಿಮಗ ನೋಡಿಕೊಳ್ಳಾಕ ಬರಲಿಲ್ಲ ಅಂತ ನಮ್ಮಪ್ಪಗ ಬುದ್ಧಿ ಹೇಳಬ್ಯಾಡ್ರಿ.

ಆಳಂದ: 2019ರಾಗ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಊರಿನ ಹೆಸರಿನ ಸರ್ಕಾರಿ ಗುರುತು) ಸಿಕ್ತು, ರೇಟು ಏನು ಸಿಕ್ತು ಅದು ಹೇಳ್ರಿ ಮೊದಲು.

ಮೇಡಂ: ಚಿತ್ತಾಪುರದವರು ಹೇಳಿದ್ದು ಖರೆ, ಜೋಳ ಕೂಡಿಸಿ ಬಿತ್ತಿದ್ರ ನೆಟೆ ಕಡಿಮಿ ಆಗ್ತದ. ಜೇವರ್ಗಿಯವರ ಅಪ್ಪ ಹೆಸರಿಡದೇ ಅದನ್ನೇ ಮಾಡ್ಯಾರ. ರೇಟಿನ ಮಾತು ಬ್ಯಾರೆ ಕಡಿ ಆಡ್ರಿ.

ಶಹಾಪುರ: ಚವಳಿಕಾಯಿ ಬೇರಿನಾಗ ಗಂಟು ಗಂಟು ಅವ್ರಿ. ಗಂಟುಬೇರು ರೋಗ ಅಂತ ಎಲ್ಲಾ ಕಿತ್ತು ಒಗದೆ.

ಮೇಡಂ: ಅಯ್ಯೋ, ಕೇಳಿ ಒಗೀಬೇಕಿತ್ತು! ಉಗುರಿಲೆ ಎಬ್ಬಿಸಿದ್ರ ಗಂಟು ಸುಲಭ ಬಿಡ್ತಿತ್ತೇನು, ಒಡದ್ರ ಒಳಗ ಗುಲಾಬಿ ಬಣ್ಣ ಇತ್ತೇನು? ಇದ್ರ ಅದು ಗೊಬ್ಬರದ ಗಂಟು, ಗಾಳಿಯೊಳಗಿನ ಸಾರಜನಕ ಹಿಡೀತದ. ರೋಗದ ಗಂಟು ಬಿಡೂದಿಲ್ಲ, ಬೇರೇ ಬಾತಿರ್ತದ. ಅದು ಇದ್ರ ಆ ಜಾಗದಾಗ ಟಮಾಟಿ, ಬೆಂಡಿ, ಸವತಿ ಹಚ್ಚಬ್ಯಾಡ್ರಿ, ಚೆಂಡು ಹೂವು ಒತ್ತೊತ್ತಾಗಿ ಹಾಕ್ರಿ.

ಕಲಬುರಗಿ, ಜಗತ್: ನಾನು ಬೆಂಡಿ ಜಾಗ ಬದಲಿಸೀನಿ, ಆದ್ರೂ ಎಲಿ ಹಳದಿ ಬಲಿ ಬಲಿ ಆಗ್ತಾವ.

ಮೇಡಂ: ಅದನ್ನ ತರೂದು ಬಿಳಿ ನೊಣ. ಅದಕ್ಕ ರೆಕ್ಕಿ ಅವ. ಮಡಿ ಬದಲಿ ಮಣ್ಣಿನ ರೋಗಕ್ಕಷ್ಟೇ.

ಹುಮನಾಬಾದ್: ಮ್ಯಾಲ ಓದಿದೆ. ಎಷ್ಟು ವರ್ಷ ಅಂತ ಎಲ್ಲಿ ಬರದೀರಿ?

ಬೀದರ್: ಮೇಡಂ, ಹಿಡಿದೆ. ಎರಡು ನಿಮಿಷಕ್ಕೇ ಊದಿನಕಡ್ಡಿ ಹೊಗಿ ತಿರುವಿ ಹಾಕಿದಂಗ ಬೆಳ್ಳಗ ಇಳೀತು. ನೀರೆಲ್ಲಾ ಮಬ್ಬಾಯ್ತು.

ಮೇಡಂ: ಹಂಗಿದ್ರ ಅದು ದುಂಡಾಣು ಸೊರಗು ರೋಗ. ಬಂದ ಗಿಡ ಆರಾಮ ಆಗೂದಿಲ್ಲ. ಔಷಧ ಸಿಂಪಡಿಸಿ ಉಳಿಸೂದೂ ಆಗೂದಿಲ್ಲ. ಸತ್ತ ಗಿಡ ಬೇರು ಸಮೇತ, ಬುಡದ ಮಣ್ಣು ಸಮೇತ ತಗೀರಿ, ಗೊಬ್ಬರದ ಗುಂಡಿಗೆ ಹಾಕಬ್ಯಾಡ್ರಿ, ಸುಡ್ರಿ. ಆ ಮಡಿ ನೀರು ಬಾಜು ಮಡಿಗೆ ಹರೀಬಾರದು. ಅಲ್ಲಿ ಹಚ್ಚಿದ ಸಲಿಕಿ, ಕುರ್ಪಿ ತೊಳದೇ ಇನ್ನೊಂದು ಕಡಿ ಮುಟ್ಟಿಸಬ್ಯಾಡ್ರಿ, ಚಪ್ಪಲೂ ಅಷ್ಟೇ. ಬದಲಿ ಮಾಡಿಯೂ ರೋಗ ಬಂತು ಅನ್ನೋರ ಮನ್ಯಾಗ ಅರ್ಧ ಸಲ ಸಲಿಕಿಯೇ ಕಳ್ಳ.

ಮೂರು ವರ್ಷಕ್ಕ ಕಡಿಮಿ ಇಲ್ಲದಂಗ ಅಲ್ಲಿ ಟಮಾಟಿ, ಬದನಿ, ಮೆಣಸಿನಕಾಯಿ, ಆಲೂಗಡ್ಡಿ ಬ್ಯಾಡ. ಶುಂಠಿನೂ ಬ್ಯಾಡ, ಅದಕ್ಕೂ ಹತ್ತತದ. ತಾನಾಗೇ ಹುಟ್ಟೂ ಕಾಕಿ ಹಣ್ಣಿನ ಗಿಡ ಕಂಡಕೂಡಲೇ ಕೀಳ್ರಿ, ರೋಗ ಅದರಾಗ ಕುಂತು ಕಾಯ್ತದ. ಗೋವಿನಜೋಳ, ಉಳ್ಳಾಗಡ್ಡಿ, ಮೆಂತೆ ಹಾಕ್ರಿ. ಟಮಾಟಿ ಬೇಕೇ ಬೇಕಂದ್ರ ಬ್ಯಾರೆ ಕಡಿಯಿಂದ ಮಣ್ಣು ತಂದು ಕುಂಡ್ಯಾಗ, ಬೆಂಗಳೂರು ಹತ್ತಿರದ ಹೆಸರಘಟ್ಟ ತೋಟಗಾರಿಕಿ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ತಳಿ. ಅದು ಈ ರೋಗ ತಡ್ಕೋತದ.

ಮೇ ತಿಂಗಳ ಬಿಸಲು ನಮಗ ಪುಕ್ಕಟೆ ಅದ. ಮಡಿ ಅಗದು, ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳಿ ಮಣ್ಣಿಗೆ ಅಂಟೂ ಹಂಗ ಹೊಚ್ಚಿ, ಅಂಚಿಗೆ ಮಣ್ಣು ಮುಚ್ಚಿ ಆರು ವಾರ ಬಿಡ್ರಿ. ಕರಿ ಹಾಳಿ ಬ್ಯಾಡ, ಮಣ್ಣು ಅಷ್ಟು ಕಾಯೂದಿಲ್ಲ. ಪೂರಾ ಹೋಗ್ತದ ಅನ್ನೂದಿಲ್ಲ, ಕಡಿಮಿ ಆಗ್ತದ.

ಭಾಲ್ಕಿ: ನಮ್ಮ ಗುಂಪಿನಾಗ ಉಪ್ಪು-ಸೋಡಾ ಹಾಕಿ ಭಾಳ ಮಂದಿಗೆ ಗುಣ ಆಗ್ಯದ. ಡಿಗ್ರಿ ಇದ್ದವರು ಮನಿಮದ್ದು ಒಪ್ಪೂದಿಲ್ಲ.

ಮೇಡಂ: ಯಾರ ಗಿಡ, ಯಾವ ಊರು, ಫೋಟೋ ಎಲ್ಲಿ? ಉಪ್ಪು, ಸೋಡಾ ಎರಡರಾಗೂ ಸೋಡಿಯಂ ಅದ. ಎರಿ ಮಣ್ಣಿಗೆ ಹಾಕಿದ್ರ ನೀರು ಇಂಗೂದು ನಿಲ್ತದ, ಒಣಗಿದ ಮ್ಯಾಲ ಕಲ್ಲು ಆಗ್ತದ. ಸವಳು ಭೂಮಿ ನೋಡೀರಿಲ್ಲೋ? ಅದನ್ನ ಕೈಯಾರೆ ಮಾಡಿಕೊಳ್ಳೂ ಹಾದಿ ಇದು. ಒಲಿ ಬೂದಿ ಮೆಸೇಜೂ ಓಡ್ಯಾಡಾಕತ್ತದ, ಕಲಬುರಗಿ ಕರಿ ಮಣ್ಣು ಮೊದಲೇ ಕ್ಷಾರ, ಅದಕ್ಕ ಬೂದಿ ಬ್ಯಾಡ. ನಾನು ಮನಿಮದ್ದಿಗೆ ವೈರಿ ಅಲ್ಲ. ಓದದೇ ಮುಂದ ದೂಡೋರಿಗೆ ವೈರಿ.

ಭಾಲ್ಕಿ: ಸಿಟ್ಟಿಗೇಳಾಕ ನಾವು ನಿಮ್ಮ ಆಫೀಸಿನ ಪ್ಯೂನ್ ಅಲ್ರಿ.

ಅಡ್ಮಿನ್: ಭಾಲ್ಕಿಯವರ, ಸ್ವಲ್ಪ ಸಮಾಧಾನ.

ಜೇವರ್ಗಿ: ನಮ್ಮಪ್ಪ ಬೂದೀನೂ ಹಾಕತಿದ್ದ.

ಹುಮನಾಬಾದ್: ಹಂಗಾರ ಎಲ್ಲದಕ್ಕೂ ಮೂರು ವರ್ಷ ಏನ್ರಿ?

ಮೇಡಂ: ಇಲ್ಲ! ರೋಗ ಬಂದ ಮಡಿಗೆ ಮೂರು. ಆರೋಗ್ಯ ಇದ್ದಲ್ಲಿ ಒಂದು ಹಂಗಾಮು ಬ್ಯಾರೆ ಕುಲ ಬಂದು ಹೋದ್ರ ನನಗ ಸಾಕು.

ಬೀದರ್: ಮೇಡಂ, ಆ ಗ್ಲಾಸಿನ ನೀರು ಮೆಣಸಿನ ಗಿಡದ ಬುಡಕ್ಕ ಚೆಲ್ಲಿಬಿಟ್ಟೆ.

ಮೇಡಂ: ಅಕ್ಕಾ! ಆ ಗಿಡ ನೆಲದಾಗ ಅದನೋ, ಕುಂಡ್ಯಾಗ ಅದನೋ?

ಬೀದರ್: ಕುಂಡ್ಯಾಗ.

ಮೇಡಂ: ದೇವರು ದೊಡ್ಡವ. ಕುಂಡಿ ಬ್ಯಾರೆ ಕಡಿ ಸರಿಸಿ ಇಡ್ರಿ, ಕೆಳಗ ತಾಟು ಇಟ್ಟು ಸೋರೂ ನೀರು ಹಿಡೀರಿ. ಬಾಡಿದ್ರ ನನಗ ಬರೀರಿ. ಗ್ಲಾಸು ಕುದಿಯೂ ನೀರಿನಾಗ ತೊಳೀರಿ.

ಯಾದಗಿರಿ: ಮಂಗ್ಯಾನ ಪ್ರಶ್ನಿ ಮುಂಜಾನಿ ಕೇಳೀನ್ರಿ. ಈಗ ಹೀರಿಕಾಯಿ ಬಳ್ಳಿನೂ ಹರದಾವ.