ಸಹಾಯ ಬೇಕು: ಚರಣ್‌ಜಿತ್ ಸಿಂಗ್ ತರಹದ ಆಲ್ಬಂಗಳು

ಎಲ್ಲರಿಗೂ ನಮಸ್ಕಾರ. ಚರಣ್‌ಜಿತ್ ಸಿಂಗ್ ಅವರ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಕೇಳಿದವರು ಇಲ್ಲಿ ಇದ್ದೀರಾ? ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ತಾಳಕ್ಕೆ ಸಿಂಥಸೈಜರ್‌ನಲ್ಲಿ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ) ನುಡಿಸಿದ 1982ರ ಆಲ್ಬಂ. ಆಗ ಅಷ್ಟಾಗಿ ಯಾರೂ ಗಮನಿಸಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದ ಮೇಲೆ ಹೊರದೇಶದವರೂ ಬೆರಗಾದರು. ಷಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಹುಟ್ಟುವ ಮೊದಲೇ, ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಒಬ್ಬರು ಅದರಲ್ಲಿ ಮುಂದೆ ಬಳಕೆಯಾದ ಅದೇ ಟಿಬಿ-303 (ಬೇಸ್ ಸ್ವರ ನುಡಿಸುವ ಮಷೀನು), ಟಿಆರ್-808 (ಡ್ರಮ್ ಮಷೀನು) ಇಟ್ಟುಕೊಂಡು ಇದನ್ನು ಮಾಡಿದ್ದಾರೆ!

ನನಗಂತೂ ಅದರಲ್ಲಿನ ಭೈರವ್ ರಾಗ ಜಾಸ್ತಿ ಇಷ್ಟ. 303ರ ಬೇಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ ನೋಡಿ, ಥೇಟ್ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವ ಹಿಂದೂಸ್ತಾನಿ ಪಟ್ಟು) ಎಳೆದ ಹಾಗೆ. ಮೇಲೆ ಜುಪಿಟರ್-8 ಸಿಂಥಸೈಜರ್‌ನಲ್ಲಿ ರಾಗ, ಕೆಳಗೆ ಬಿಡದೆ ಹೊಡೆಯುವ ಡ್ರಮ್. ಫೋನ್ ಸ್ಪೀಕರ್‌ನಲ್ಲಿ ಈ ಬೇಸ್ ಕೇಳುವುದೇ ಇಲ್ಲ, ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ.

ಈಗ ಇದೇ ಜಾಡಿನಲ್ಲಿ ಇನ್ನಷ್ಟು ಬೇಕು. ಗಾಯಕಿ ರೂಪಾ ಅವರ ‘ಡಿಸ್ಕೋ ಜಾಝ್’ ಆಲ್ಬಂ ಕೇಳಿದ್ದೇನೆ. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ 1969ರಿಂದ 72ರವರೆಗೆ ಮೂಗ್ ಸಿಂಥಸೈಜರ್‌ನಲ್ಲಿ ಮಾಡಿದ ಟೇಪುಗಳನ್ನೂ ಕೇಳಿದ್ದೇನೆ, ಆದರೆ ಅವು ಕುಣಿಯುವ ಸಂಗೀತವಲ್ಲ. ಕರ್ನಾಟಕ ಸಂಗೀತದ ರಾಗಗಳನ್ನು ಹೀಗೆ ಮಷೀನಿನಲ್ಲಿ ಪೂರ್ತಿ ಆಲ್ಬಂ ಆಗಿ ಮಾಡಿದವರು ಇದ್ದಾರಾ? ಹಳೆಯದು, ಹೊಸದು ಯಾವುದಾದರೂ ಸರಿ. ಸುಮ್ನೆ ರೀಮಿಕ್ಸ್ ಬೇಡ. ಬೆಂಗಳೂರಿನಲ್ಲಿ ಇಂಥ ಎಲ್‌ಪಿ ಸಿಗುವ ಅಂಗಡಿ ಗೊತ್ತಿದ್ದರೂ ತಿಳಿಸಿ, ಶನಿವಾರ ಹೋಗಿ ಹುಡುಕುತ್ತೇನೆ.