ಎಳ್ಳ ಅಮಾವಾಸ್ಯೆಗೆ 35 ಜನರ ಬುತ್ತಿ: ಯಾವುದನ್ನು ಎಷ್ಟು ದಿನ ಮೊದಲು ಮಾಡಿಟ್ಟುಕೊಳ್ಳಲಿ?

ಇಂಡಿ ಸೊಸೆ:

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಈ ಸಲ ಎಳ್ಳ ಅಮಾವಾಸ್ಯೆಯ ಅಡುಗೆ ಪೂರ್ತಿ ನನ್ನ ಮೇಲೆ ಬಂದಿದೆ. ಅತ್ತೆ ಬಿದ್ದು ಬಲಗೈ ಮುರಿದುಕೊಂಡಿದ್ದಾರೆ, ಹಬ್ಬದ ಹೊತ್ತಿಗೂ ಪ್ಲಾಸ್ಟರ್ ತೆಗೆದಿರುವುದಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿಕೊಡುತ್ತಾರೆ. ಆದರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಕೈ ಅವರದೇ. ನಾನು ದಿನಕ್ಕೆ ಹತ್ತು ರೊಟ್ಟಿ ಬಡಿಯುವವಳು, ನೂರರ ಲೆಕ್ಕ ಕೇಳಿದರೆ ಎದೆ ಢವಢವ ಅನ್ನುತ್ತದೆ.

ಹೊಲಕ್ಕೆ ಬರುವವರು 35 ಜನ. ಅದರಲ್ಲಿ 12 ಮಂದಿ ಪುಣೆ, ಬೆಂಗಳೂರಿನಿಂದ ಬರುತ್ತಾರೆ, ನಾಲ್ಕು ಸಣ್ಣ ಮಕ್ಕಳೂ ಇದ್ದಾರೆ. ಪ್ರತಿ ವರ್ಷ ನಮ್ಮಲ್ಲಿ ಹಿಂದಿನ ರಾತ್ರಿ ಹನ್ನೆರಡಕ್ಕೆ ಒಲೆ ಹಚ್ಚಿದರೆ ಬೆಳಿಗ್ಗೆ ಒಂಬತ್ತಕ್ಕೂ ಆರುವುದಿಲ್ಲ. ಎಲ್ಲರೂ ಚರಗ ಚೆಲ್ಲಿ (ಎಡೆಯ ಅನ್ನ ಹೊಲದ ತುಂಬ ಎರಚಿ) ಬಂದು ಊಟಕ್ಕೆ ಕೂರುವ ಹೊತ್ತಿಗೆ ಅತ್ತೆ ಮತ್ತು ನಮ್ಮ ಕಾಕು ಇಬ್ಬರೂ ಬನ್ನಿ ಗಿಡದ ಕೆಳಗೆ ಸೆರಗು ಹೊದ್ದು ಮಲಗಿಬಿಟ್ಟಿರುತ್ತಾರೆ. ಅವರೇ ಮಾಡಿದ ಅಡುಗೆ, ಅವರಿಗೇ ಊಟ ಸೇರುವುದಿಲ್ಲ. ಇದು ಈ ವರ್ಷವಾದರೂ ತಪ್ಪಬೇಕು ಅಂತ ನನ್ನ ಆಸೆ.

ಆಗಬೇಕಾದದ್ದು ಇಷ್ಟು: ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಾಳು ಪಲ್ಯ, ಚಿತ್ರಾನ್ನ, ಮೊಸರನ್ನ, ಹಿಂಡಿ (ಚಟ್ನಿ ಪುಡಿ), ಚಟ್ನಿ. ಕಡುಬು ಬಿಡಲೇಬೇಡ ಅಂತ ಅತ್ತೆ ಹೇಳಿದ್ದಾರೆ. ಯಾವುದನ್ನು ಎಷ್ಟು ದಿನ ಮೊದಲು ಮಾಡಿದರೆ ಕೆಡುವುದಿಲ್ಲ? ಹೋದ ವರ್ಷ ಮೊಸರನ್ನ ಹುಳಿಯಾಗಿ ಮಕ್ಕಳು ಬಾಯಿಗೇ ಹಾಕಲಿಲ್ಲ, ಅದಕ್ಕೂ ಏನಾದರೂ ಉಪಾಯ ಹೇಳಿ.

ಬಾಗಲಕೋಟೆ ದೊಡ್ಡವ್ವ:

ನೋಡವ್ವ ತಂಗಿ, ಮೊದಲು ಗಾಬರಿ ಬಿಡು. ನೂರು ರೊಟ್ಟಿ ಒಂದೇ ದಿನ ಬಡಿ ಅಂತ ಯಾರೂ ಹೇಳಿಲ್ಲ. ತಲೆಗೆ ಎರಡು ಜೋಳದ ರೊಟ್ಟಿ, ಒಂದು ಸಜ್ಜೆ ರೊಟ್ಟಿ ಹಿಡಿ. ಜೋಳದ್ದು 70, ಮೇಲೆ ಹತ್ತು ಇರಲಿ, 80. ಕಿಲೋ ಹಿಟ್ಟಿಗೆ ಸುಮಾರು 20 ರೊಟ್ಟಿ ಅಂದರೆ ನಾಲ್ಕು ಕಿಲೋ ಹಿಟ್ಟು. ನೀನು ದಿನಾ ಹತ್ತು ಬಡಿಯುತ್ತೀಯಲ್ಲ, ಹಂಚು ಹೇಗೂ ಕಾದಿರುತ್ತದೆ, ಅದರ ಮೇಲೆ ಇನ್ನೂ ಹತ್ತು ಬಡಿ. ಎಂಟು ದಿನಕ್ಕೆ 80 ಆಯಿತು. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿ ತಿಂಗಳು ಇಟ್ಟರೂ ಏನೂ ಆಗುವುದಿಲ್ಲ.

ಒಣಗಿಸುವುದರಲ್ಲೇ ಎಲ್ಲ ಇದೆ. ಎರಡೂ ಕಡೆ ಬೆಂದ ಮೇಲೆ ಉರಿ ಪೂರಾ ಸಣ್ಣ ಮಾಡು, ಅರಿವೆಯಿಂದ ಅಂಚು ಒತ್ತುತ್ತಾ ಇನ್ನಷ್ಟು ಹೊತ್ತು ಹಂಚಿನ ಮೇಲೇ ಬಿಡು. ಆಮೇಲೆ ಬಿಸಿ ಒಲೆಯ ಸುತ್ತ ಒರಗಿಸಿ ನಿಲ್ಲಿಸು. ಆರಿದ ಮೇಲೆ ನಡುವೆ ಬೆರಳಿನಿಂದ ಬಡಿದು ನೋಡು, ಹಪ್ಪಳದ ಹಾಗೆ ಟಕ್ ಅನ್ನಬೇಕು. ಮೆತ್ತಗೆ ಅನ್ನಿಸಿದರೆ ಇನ್ನೊಮ್ಮೆ ಹಂಚಿಗೆ ಹಾಕು. ಅಂಥ ಒಂದು ರೊಟ್ಟಿ ನಡುವೆ ಸೇರಿದರೆ ಬೂಷ್ಟು ಹಿಡಿದು ಪೂರಾ ಬುಟ್ಟಿಗೇ ವಾಸನೆ ಹತ್ತುತ್ತದೆ. ಬಿಸಿ ಇರುವಾಗ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಲೇಬೇಡ. ಬಿದಿರಿನ ಬುಟ್ಟಿ, ಒಳಗೆ ಒಗೆದು ಒಣಗಿಸಿದ ಅರಿವೆ, ಅಷ್ಟು ಸಾಕು.

ಹಿಟ್ಟು ಹೊಸದಿರಲಿ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ, ಎಸರು ಕುದಿಸಿ ಹಾಕಿದಾಗ ಹಿಟ್ಟು ಬೆಂದು ಬರುವ ಜಿಗಿಯಿಂದಲೇ ರೊಟ್ಟಿ ನಿಲ್ಲುವುದು. ಹಳೆ ಹಿಟ್ಟಿಗೆ ಆ ಜಿಗಿ ಇರುವುದಿಲ್ಲ, ಅಂಚು ಸೀಳುತ್ತದೆ. ಮಾಲದಂಡಿ ಜೋಳ ಸಿಕ್ಕರೆ ಬೇರೆ ನೋಡಲೇಬೇಡ.

ಸಜ್ಜೆಯ ವಿಷಯ ಬೇರೆ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಮೇಲೆ ಕೆಲವೇ ದಿನಕ್ಕೆ ಹಿಟ್ಟು ಕಹಿಯಾಗುತ್ತದೆ. ಅಮಾವಾಸ್ಯೆಗೆ ಮೂರು ದಿನ ಇರುವಾಗ ಬೀಸಿಸು, ಎರಡು ದಿನ ಇರುವಾಗ ಬಡಿ. ಎಳ್ಳು ಉದುರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ರೊಟ್ಟಿ ಬಡಿದ ಮೇಲೆ ಒದ್ದೆ ಕೈಯಿಂದ ಒಮ್ಮೆ ಸವರಿ, ಎಳ್ಳು ಉದುರಿಸಿ, ಅಂಗೈಯಿಂದ ಒತ್ತಿ ಹಂಚಿಗೆ ಹಾಕು. ಉದುರುವುದಿಲ್ಲ.

ಹೋಳಿಗೆಯೂ ಎರಡು ದಿನ ಮೊದಲೇ ಆಗಲಿ. ಶೇಂಗಾ ಸಣ್ಣ ಉರಿಯಲ್ಲಿ ಹುರಿ, ಪೂರಾ ಆರಿದ ಮೇಲೆ ಪುಡಿ ಮಾಡು. ಮಿಕ್ಸಿ ನಿಲ್ಲಿಸಿ ನಿಲ್ಲಿಸಿ ತಿರುಗಿಸು, ಒಂದೇ ಸಮನೆ ಬಿಟ್ಟರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕಿಲೋ ಶೇಂಗಾಕ್ಕೆ ಮುಕ್ಕಾಲು ಕಿಲೋ ಬೆಲ್ಲ, ಒಂದು ಹಿಡಿ ಹುರಿದ ಎಳ್ಳು, ಯಾಲಕ್ಕಿ, ಚೂರು ಜಾಜಿಕಾಯಿ. ಹೂರಣಕ್ಕೆ ನೀರು ಸೋಕಿಸದಿದ್ದರೆ ವಾರ ಇರುತ್ತದೆ. ಬೇಯಿಸಿದ ಮೇಲೆ ಒಂದರ ಮೇಲೊಂದು ಒಟ್ಟಬೇಡ, ಅರಿವೆಯ ಮೇಲೆ ಬಿಡಿಬಿಡಿಯಾಗಿ ಹರಡು. ನ್ಯೂಸ್ ಪೇಪರ್ ಮೇಲೆ ಮಾತ್ರ ಬೇಡವೇ ಬೇಡ, ಬಿಸಿ ಹೋಳಿಗೆಗೆ ಶಾಯಿ ಹತ್ತುತ್ತದೆ.

ಕಡುಬಿಗೆ ನಾನು ಹೇಳುವುದು ಇಷ್ಟೇ. ಎಡೆಗೆ ಐದು ಕುದಿಸಿದ ಕಡುಬು ಬೆಳಿಗ್ಗೆ ಮಾಡು, ಜನಕ್ಕೆ ಕರಿದ ಕರ್ಚಿಕಾಯಿ ನಾಲ್ಕು ದಿನ ಮೊದಲೇ ಮಾಡಿಡು. ಅತ್ತೆಯವರ ಮಾತೂ ಉಳಿಯುತ್ತದೆ, ನಿನ್ನ ನಿದ್ದೆಯೂ ಉಳಿಯುತ್ತದೆ.

ಶಹಾಪುರ ವೈನಿ, ಬೆಳಗಾವಿ:

ದೊಡ್ಡವ್ವ ಒಣ ಪದಾರ್ಥ ಎಲ್ಲ ಹೇಳಿದ್ದಾರೆ, ನಾನು ಅನ್ನದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮ ಸಂಬಂಧಿಕರ ಮನೆಯ ಒಂದು ಕಾರ್ಯಕ್ರಮದಲ್ಲಿ ರಾತ್ರಿ ಮಾಡಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಬಿಸಿಬಿಸಿ ಮುಚ್ಚಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕಿ ಬಡಿಸಿದ್ದರು, ಸಂಜೆಯೊಳಗೆ ಏಳು ಮಂದಿಗೆ ವಾಂತಿ ಶುರುವಾಯಿತು. ನನ್ನ ಮಗನೂ ಅದರಲ್ಲಿ ಒಬ್ಬ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಣಗಳು ಅನ್ನ ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹಾಗೇ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಆಮೇಲೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಮುಟ್ಟಿ ನೋಡಿದರೆ, ಮೂಸಿ ನೋಡಿದರೆ ಗೊತ್ತೇ ಆಗುವುದಿಲ್ಲ, ಅದೇ ಕಷ್ಟ.

ಅದಕ್ಕೆ ಅನ್ನ ಮಾತ್ರ ಬೆಳಿಗ್ಗೆಯೇ ಮಾಡಿ. ರೊಟ್ಟಿ ಇರುವುದರಿಂದ ತಲೆಗೆ 60 ಗ್ರಾಂ ಅಕ್ಕಿ ಸಾಕು, 35 ಜನಕ್ಕೆ ಎರಡು ಕಿಲೋ ಚಿಲ್ಲರೆ. ಬೆಂದ ತಕ್ಷಣ ಎರಡು ಮೂರು ಅಗಲ ಪರಾತಕ್ಕೆ ತೆಳ್ಳಗೆ ಹರಡಿ ಆರಿಸಿ. ಚಿತ್ರಾನ್ನದ ಒಗ್ಗರಣೆಯನ್ನು ಬೇಕಾದರೆ ಹಿಂದಿನ ದಿನ ಮಾಡಿಡಿ, ಈರುಳ್ಳಿ ಹಾಕಬೇಡಿ. ಲಿಂಬೆ ರಸ ಅನ್ನ ಆರಿದ ಮೇಲೆ, ಒಲೆಯ ಮೇಲೆ ಹಿಂಡಿದರೆ ಕಹಿ ಬರುತ್ತದೆ. ಲಿಂಬೆಗೆ ನಿಮಗೇನು ಕೊರತೆ, ಇಂಡಿ ಲಿಂಬೆಗೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಜಿಐ ಟ್ಯಾಗ್ ಬಂದಿದೆ ಅಲ್ವಾ!

ಇನ್ನು ಮೊಸರನ್ನ. ನೀವು ಬೆಳಿಗ್ಗೆಯೇ ಪೂರ್ತಿ ಮೊಸರು ಕಲಸಿರಬೇಕು, ಹೌದಾ? ಮೊಸರು ಕಲಸಿ ಆರು ಏಳು ತಾಸು ಬಿಟ್ಟರೆ ಮಧ್ಯಾಹ್ನಕ್ಕೆ ಹುಳಿ ಆಗೇ ಆಗುತ್ತದೆ. ಹಾಲು ಹಾಕಿ ಕಲಸಿ. ಒಂದು ಕಿಲೋ ಅಕ್ಕಿಯ ಅನ್ನ ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಚೆನ್ನಾಗಿ ಹಿಸುಕಿ. ಕಾಯಿಸಿದ ಎರಡು ಲೀಟರ್ ಹಾಲು ಉಗುರುಬೆಚ್ಚಗೆ ಆದ ಮೇಲೆ ಹಾಕಿ. ಅನ್ನ ಬೆರಳಿಗೆ ಬೆಚ್ಚಗೆ ಹತ್ತುವಷ್ಟಿದ್ದಾಗ ಎರಡು ಮೂರು ಚಮಚ ಸಿಹಿ ಮೊಸರು, ಉಪ್ಪು ಹಾಕಿ ಕಲಸಿ ಮುಚ್ಚಿ. ಬೆಳಿಗ್ಗೆ ಆರಕ್ಕೆ ಕಲಸಿದ್ದು ಹೊಲದಲ್ಲಿ ಊಟದ ಹೊತ್ತಿಗೆ ಸಿಹಿ ಮೊಸರನ್ನವಾಗಿರುತ್ತದೆ. ಮೊದಲು ನೀರಾಗಿದೆ ಅನ್ನಿಸುತ್ತದೆ, ಹೆದರಬೇಡಿ, ಕೂತಂತೆ ಬಿಗಿಯಾಗುತ್ತದೆ. ಮಕ್ಕಳದ್ದು ಬೇರೆ ಡಬ್ಬಿಗೆ ತೆಗೆದು ಉಳಿದದ್ದಕ್ಕೆ ಹಸಿಮೆಣಸು, ಶುಂಠಿ ಒಗ್ಗರಣೆ ಕೊಡಿ.

ನಿಮ್ಮ ನೆಂಟರು ಬೆಳಗಾವಿ ಮೇಲೆ ಬಂದು ಕುಂದಾ ತಂದರೆ ಅದನ್ನು ಹೊಲಕ್ಕೆ ಒಯ್ಯಬೇಡಿ, ಹಾಲಿನ ಪದಾರ್ಥ, ಮನೆಯಲ್ಲೇ ಮುಗಿಸಿ.

ಜಮಖಂಡಿ ಕಾಕಾ:

ಅಡುಗೆ ನನಗೆ ಗೊತ್ತಿಲ್ಲ, ಒಯ್ಯುವುದು ಗೊತ್ತು. ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಬುತ್ತಿ ಹೇರುವ ಕೆಲಸ ನನ್ನದೇ.

ಎಡೆಯ ಬುಟ್ಟಿ ಬೇರೆ ಕಟ್ಟಿ. ಎಲ್ಲ ಅಡುಗೆಯೂ ಸ್ವಲ್ಪ ಸ್ವಲ್ಪ, ಐದು ಕಡುಬು, ಅರಿಶಿನ, ಕುಂಕುಮ, ಕಾಯಿ, ಊದಿನಕಡ್ಡಿ, ಕಡ್ಡಿಪೆಟ್ಟಿಗೆ, ಚರಗಕ್ಕೆ ಕಲಸಿದ ಅನ್ನ, ಎಲ್ಲ ಅದರಲ್ಲೇ ಇರಲಿ. ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡುವಾಗ ಒಂದೊಂದಕ್ಕೂ ದೊಡ್ಡ ಗಂಟು ಬಿಚ್ಚುತ್ತಾ ಕೂತರೆ ಅರ್ಧ ತಾಸು ಹೋಗುತ್ತದೆ, ಮಕ್ಕಳು ಹಸಿದು ಅಳುತ್ತವೆ.

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೆಳಗೆ ಜೋಳದ ಕಣಿಕೆ ಹಾಸಿ ಮೇಲೆ ಬುಟ್ಟಿ ಇಡಿ, ರೊಟ್ಟಿ ಪುಡಿ ಆಗುವುದಿಲ್ಲ. ಪೇಪರ್ ಪ್ಲೇಟ್ ತರಬೇಡಿ. ಆ ಬಯಲಲ್ಲಿ ಗಾಳಿ ಬಂದರೆ ಪಲ್ಯದ ಸಮೇತ ಹಾರಿ ಪಕ್ಕದವರ ಕಡಲೆ ಹೊಲದಲ್ಲಿ ಬಿದ್ದಿರುತ್ತವೆ, ಆಮೇಲೆ ಅದನ್ನು ಆರಿಸುವವರು ಯಾರು? ಮನೆಯ ತಾಟು ತನ್ನಿ, ಇಲ್ಲವೇ ಮುತ್ತುಗದ ಪತ್ರೋಳಿ. ಪತ್ರೋಳಿ ಮೇಲೆ ನೀರು ಚಿಮುಕಿಸಿ ಮೊದಲು ರೊಟ್ಟಿ ಇಟ್ಟರೆ ಹಾರುವುದಿಲ್ಲ.

ನೀರು ಮನೆಯಿಂದಲೇ ಒಯ್ಯಿರಿ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರು ಸವಳು, ಪುಣೆ ಮಕ್ಕಳಿಗೆ ಒಗ್ಗುವುದಿಲ್ಲ. ಕುಡಿಯಲು 20 ಲೀಟರಿನ ನಾಲ್ಕು ಕ್ಯಾನ್, ಕೈ ತೊಳೆಯಲು ಬೇರೆ ಒಂದು ಡ್ರಮ್ಮು. ಇನ್ನೊಂದು ಮಾತು, ಹೇಳಲು ಸಂಕೋಚ ಪಡುತ್ತಾರೆ ಆದರೆ ಹೇಳಬೇಕು. ಪಟ್ಟಣದ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೆ ಹೊಲದಲ್ಲಿ ಇರುತ್ತಾರೆ. ಪಂಪ್‌ಸೆಟ್ ಮನೆಯ ಹಿಂದೆ ನಾಲ್ಕು ಗಳ ನೆಟ್ಟು ಹಳೆ ಸೀರೆ ಕಟ್ಟಿ ಒಂದು ಮರೆ ಮಾಡಿಸಿ, ಒಂದು ಕೊಡ ನೀರು ಇಡಿಸಿ. ಹತ್ತು ನಿಮಿಷದ ಕೆಲಸ. ನಮ್ಮ ಸೊಸೆ ಹೇಳುವವರೆಗೆ ನನಗೂ ಹೊಳೆದಿರಲಿಲ್ಲ.

ಗೋಳಗುಮ್ಮಟ ಗೆಳತಿ:

ಅಕ್ಕಾ, ಇಷ್ಟೆಲ್ಲ ಕಷ್ಟ ಯಾಕೆ? ವಿಜಯಪುರದಲ್ಲಿ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ನಾನು ಕೆಲಸಕ್ಕೆ ಹೋಗುವವಳು, ಎರಡು ವರ್ಷದಿಂದ ಜೋಳದ ರೊಟ್ಟಿ ಹಾಗೇ ತರುತ್ತಿದ್ದೇನೆ. ಸಜ್ಜೆ ರೊಟ್ಟಿ ಮಾತ್ರ ಮನೆಯಲ್ಲಿ. ಹಬ್ಬದ ವಾರ ಸಿಗುವುದಿಲ್ಲ, 15 ದಿನ ಮೊದಲೇ ಹೇಳಿಡಬೇಕು.

ಬಾಗಲಕೋಟೆ ದೊಡ್ಡವ್ವ:

ಅದೂ ತಪ್ಪಲ್ಲ ತಂಗಿ. ಅವರ ಹೊಟ್ಟೆಯೂ ತುಂಬಬೇಕು. ಆದರೆ ತರುವ ಮೊದಲು ಒಂದು ಮುರಿದು ತಿಂದು ನೋಡು. ಹಳೆ ಹಿಟ್ಟಿನದಾದರೆ ನಾಲಿಗೆಯ ಹಿಂದೆ ಕಹಿ ಹತ್ತುತ್ತದೆ. ಎಡೆಗೆ ಇಡುವ ಐದು ರೊಟ್ಟಿ ಮಾತ್ರ ಮನೆಯವರ ಕೈಯದಿರಲಿ ಅಂತ ನನ್ನ ಮನಸ್ಸು.

ಇಂಡಿ ಸೊಸೆ:

ಕಣ್ಣಲ್ಲಿ ನೀರು ಬಂತು ಎಲ್ಲರ ಉತ್ತರ ಓದಿ. ಮೊಸರನ್ನದ್ದು ವೈನಿ ಹೇಳಿದ ಹಾಗೇ ಆಗಿತ್ತು, ಬೆಳಿಗ್ಗೆ ಐದಕ್ಕೇ ಮೊಸರು ಕಲಸಿಟ್ಟಿದ್ದೆವು. ಎಣ್ಣೆಗಾಯಿ ಒಂದು ಉಳಿಯಿತು. ಅದನ್ನು ಹಿಂದಿನ ರಾತ್ರಿ ಮಾಡಬಹುದಾ? ಮಸಾಲೆ ತುಂಬಿಟ್ಟರೆ ಬದನೆಕಾಯಿ ಕಪ್ಪಾಗುತ್ತದೆ, ನೀರೂ ಬಿಡುತ್ತದೆ.

ಸಿಂದಗಿ ಅಕ್ಕ:

ರಾತ್ರಿ ತುಂಬಬೇಡಿ. ಮಸಾಲೆ ಮಾತ್ರ ಒಣದಾಗಿ ಮಾಡಿಡಿ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಹುರಿದು ಪುಡಿ ಮಾಡಿ, ಖಾರದ ಪುಡಿ, ಮಸಾಲೆ ಖಾರ, ಬೆಲ್ಲ ಸೇರಿಸಿ ಡಬ್ಬಿಗೆ ಹಾಕಿ. ಉಪ್ಪು ಬೇಡ. ನೀರು ಬಿಡುವುದು ಉಪ್ಪಿನಿಂದಲೇ. ಬೆಳಿಗ್ಗೆ ಕಾಯಿ ಸೀಳಿ ಸೀಳಿದಂತೆ ಉಪ್ಪು ನೀರಿಗೆ ಹಾಕಿ, ಕಪ್ಪಾಗುವುದಿಲ್ಲ. ತುಂಬುವಾಗ ಪುಡಿಗೆ ಉಪ್ಪು, ಗಟ್ಟಿ ಹುಣಸೆ ರಸ ಕಲಸಿಕೊಳ್ಳಿ. ತೊಟ್ಟು ತೆಗೆಯಬೇಡಿ, ತೊಟ್ಟಿದ್ದರೆ ಕಾಯಿ ಬಿಚ್ಚುವುದಿಲ್ಲ. ಮುಳ್ಳು ಇರುವ ಎಳೆ ಕಾಯಿ ಆರಿಸಿ, ಕೈಯಲ್ಲಿ ಎತ್ತಿದರೆ ಹಗುರ ಅನ್ನಿಸುವ ಕಾಯಿಯಲ್ಲಿ ಬೀಜ ಕಡಿಮೆ ಇರುತ್ತದೆ.

ಎಣ್ಣೆ ಧಾರಾಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಬ್ಬರು ಐದಕ್ಕೆ ಎದ್ದರೂ ಏಳರೊಳಗೆ ಮುಗಿಯುತ್ತದೆ. ಪಾತ್ರೆಯ ಬಾಯಿಗೆ ದಪ್ಪ ಅರಿವೆ ಹಾಕಿ ಅದರ ಮೇಲೆ ಮುಚ್ಚಳ ಒತ್ತಿ ಕಟ್ಟಿ, ಟ್ರಾಲಿ ಎಷ್ಟು ಕುಲುಕಿದರೂ ಎಣ್ಣೆ ಚೆಲ್ಲುವುದಿಲ್ಲ. ಕಾಳು ಹಿಂದಿನ ದಿನ ನೆನೆಹಾಕಿಟ್ಟರೆ ಸಾಕು, ಕುಕ್ಕರಿನಲ್ಲಿ ಎಷ್ಟು ಹೊತ್ತು!

ಮತ್ತೆ ಹೊಸಬರಿಗೆ ಖಡಕ್ ರೊಟ್ಟಿ ತಿನ್ನಲು ಬರುವುದಿಲ್ಲ. ಹೋದ ಸಲ ನಮ್ಮ ಬೆಂಗಳೂರಿನ ನಾದಿನಿಯ ಗೆಳತಿ ಒಂದು ತುಂಡು ಹಿಡಿದು ಅರ್ಧ ತಾಸು ಅಗಿದಳು ಪಾಪ. ತಾಟಿನಲ್ಲೇ ರೊಟ್ಟಿ ಮುರಿದು, ಮೇಲೆ ಎಣ್ಣೆಗಾಯಿ ರಸ ಹಾಕಿ ಎರಡು ನಿಮಿಷ ಬಿಟ್ಟು ಕೊಡಿ. ಇಲ್ಲವೇ ಮೊಸರು, ಶೇಂಗಾ ಹಿಂಡಿ, ಹಸಿ ಎಣ್ಣೆ. ಆಮೇಲೆ ಅವರೇ ಇನ್ನೊಂದು ಕೇಳುತ್ತಾರೆ.

ಇಂಡಿ ಸೊಸೆ:

ಎಲ್ಲವನ್ನೂ ಅತ್ತೆಯವರಿಗೆ ಓದಿ ಹೇಳಿದೆ. ಐದು ಕಡುಬಿನ ಮಾತು ಒಪ್ಪಿದರು, ಕರ್ಚಿಕಾಯಿಗೆ ಹೂರಣ ತಾವೇ ಎಡಗೈಯಿಂದ ಕಲಸುತ್ತಾರಂತೆ. ಇವರು ಮರೆ ಕಟ್ಟಲು ಗಳ ಹುಡುಕಿ ಬಂದರು. ಇವತ್ತು ಮನೆಯ ರೊಟ್ಟಿ ಆದ ಮೇಲೆ ಹತ್ತು ಹೆಚ್ಚಿಗೆ ಬಡಿದೆ. ಅತ್ತೆ ಒಂದೊಂದನ್ನೂ ಬೆರಳಿನಿಂದ ಬಡಿದು ನೋಡಿದರು. ಎಂಟು ಟಕ್ ಅಂದವು, ಎರಡು ಮತ್ತೆ ಹಂಚಿಗೆ ಹೋದವು. ಸಂಜೆ ಗಿರಣಿಗೆ ಹೋಗಿ ಸಜ್ಜೆ ಯಾವ ದಿನ ತರುತ್ತೇನೆ ಅಂತಲೂ ಹೇಳಿ ಬಂದಿದ್ದೇನೆ.